ಶಿಲೀಂಧ್ರದ ಸಕ್ಕರೆ ಕವಚ ಮತ್ತು ರೋಗನಿರೋಧಕ ಗ್ರಾಹಕಗಳು: ಗುರುತಿಸುವಿಕೆಯಲ್ಲಿ ಜೋಡಣೆಯ ಪಾತ್ರ

ಸಾರಾಂಶ

ರೋಗನಿರೋಧಕ ಕೋಶಗಳು ಸೂಕ್ಷ್ಮಜೀವಿಗಳ ಮೇಲ್ಮೈಯ ಸಕ್ಕರೆಗಳನ್ನು ಲೆಕ್ಟಿನ್ ಗ್ರಾಹಕಗಳಿಂದ ಗುರುತಿಸುತ್ತವೆ. ಸಕ್ಕರೆ ಯಾವುದು ಎಂಬುದರಷ್ಟೇ ಅದು ಎಷ್ಟು ಒತ್ತಾಗಿ, ಯಾವ ಅಂತರದಲ್ಲಿ, ಎಷ್ಟರಮಟ್ಟಿಗೆ ಹೊರಗೆ ತೆರೆದುಕೊಂಡು ಇದೆ ಎಂಬುದೂ ನಿರ್ಣಾಯಕ ಎಂಬುದು ಈ ಲೇಖನದ ವಾದ. ಇದಕ್ಕೆ ಮುಖ್ಯ ಆಧಾರ ಕ್ಯಾಂಡಿಡಾ ಆಲ್ಬಿಕನ್ಸ್ ಶಿಲೀಂಧ್ರ ಮತ್ತು ಡೆಕ್ಟಿನ್-1 ಗ್ರಾಹಕ.

1. ಸಮಸ್ಯೆಯ ಸ್ವರೂಪ

ಕ್ಯಾಂಡಿಡಾದ ಕೋಶಭಿತ್ತಿಯ ಹೊರಪದರದಲ್ಲಿ ಮ್ಯಾನೋಸ್ ಸಕ್ಕರೆಯ ಉದ್ದನೆಯ ಸರಪಳಿಗಳಿವೆ. ಮ್ಯಾನೋಸ್ ನಮ್ಮ ದೇಹದ ಗ್ಲೈಕೋಪ್ರೋಟೀನ್‌ಗಳಲ್ಲೂ ಇದೆ. ಹಾಗಿದ್ದ ಮೇಲೆ ಮ್ಯಾನೋಸ್ ಕಂಡಲ್ಲೆಲ್ಲ ದಾಳಿಯಿಡುವ ವ್ಯವಸ್ಥೆ ದೇಹಕ್ಕೇ ಮುಳುವಾಗಬೇಕಿತ್ತು. ಹಾಗಾಗದಿರಲು ಕಾರಣವನ್ನು ಗ್ರಾಹಕದ ರಚನೆಯಲ್ಲಿ ಹುಡುಕಬೇಕು.

2. ಕ್ಯಾಲ್ಸಿಯಂ ಆಧಾರಿತ ಹಿಡಿತ

1992ರಲ್ಲಿ ವೈಸ್, ಡ್ರಿಕಾಮರ್ ಮತ್ತು ಹೆಂಡ್ರಿಕ್‌ಸನ್ ಇಲಿಯ ಮ್ಯಾನೋಸ್-ಬಂಧಕ ಪ್ರೋಟೀನು ಸಕ್ಕರೆಯನ್ನು ಹಿಡಿದಿರುವ ಸ್ಫಟಿಕ ರಚನೆಯನ್ನು ಪ್ರಕಟಿಸಿದರು. ಮ್ಯಾನೋಸ್‌ನ 3 ಮತ್ತು 4ನೇ ಇಂಗಾಲಗಳ ಹೈಡ್ರಾಕ್ಸಿಲ್ ಗುಂಪುಗಳು ಕ್ಯಾಲ್ಸಿಯಂ ಅಯಾನಿಗೆ ನೇರವಾಗಿ ಬೆಸೆದುಕೊಳ್ಳುವುದು ಅದರಲ್ಲಿ ಸ್ಪಷ್ಟವಾಯಿತು. ಗ್ಯಾಲಕ್ಟೋಸ್‌ನಲ್ಲಿ 4ನೇ ಹೈಡ್ರಾಕ್ಸಿಲ್ ಬೇರೆ ದಿಕ್ಕಿಗೆ ಚಾಚಿರುವುದರಿಂದ ಅದು ಈ ತಾಣಕ್ಕೆ ಸರಿಯಾಗಿ ಕೂರುವುದಿಲ್ಲ. ಅದೇ ವರ್ಷ ಡ್ರಿಕಾಮರ್ ಎರಡೇ ಅಮೈನೋ ಆಮ್ಲಗಳನ್ನು ಬದಲಿಸಿ, ಇದೇ ಪ್ರೋಟೀನು ಗ್ಯಾಲಕ್ಟೋಸ್‌ಗೆ ಒಲಿಯುವಂತೆ ಮಾಡಿದರು.

ಕ್ಯಾಲ್ಸಿಯಂ ಎಲ್ಲ ಲೆಕ್ಟಿನ್‌ಗಳಿಗೂ ಅನಿವಾರ್ಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ 1996ರಲ್ಲಿ ರಚನೆ ಬಿಡಿಸಿದ ಜಕಾಲಿನ್, ಅಂದರೆ ಹಲಸಿನ ಬೀಜದ ಲೆಕ್ಟಿನ್, ಲೋಹದ ಅಯಾನಿನ ನೆರವಿಲ್ಲದೆಯೇ ಸಕ್ಕರೆಯನ್ನು ಹಿಡಿಯುತ್ತದೆ.

ಒಂದೊಂದು ಸಕ್ಕರೆಯ ಮೇಲಿನ ಹಿಡಿತ ಮಾತ್ರ ತೀರ ದುರ್ಬಲ. ಬಟ್ಟೆಗೆ ಮೆತ್ತಿಕೊಂಡ ಉತ್ತರಾಣಿಯ ಹಾಗೆ, ಹಲವು ಸಣ್ಣ ಹಿಡಿತಗಳು ಕೂಡಿದಾಗಲೇ ಬಂಧ ಬಿಗಿಯಾಗುತ್ತದೆ. ಮಾನವನ ಮ್ಯಾನೋಸ್-ಬಂಧಕ ಲೆಕ್ಟಿನ್‌ನ ಮೂರು ತಲೆಗಳಲ್ಲಿರುವ ಬಂಧಕ ತಾಣಗಳ ನಡುವಿನ ಅಂತರ ಸುಮಾರು 4.5 ನ್ಯಾನೋಮೀಟರ್. ನಮ್ಮದೇ ಒಂದು ಗ್ಲೈಕೋಪ್ರೋಟೀನಿನ ಸಕ್ಕರೆ ಕವಲುಗಳ ತುದಿಗಳು ಇದಕ್ಕಿಂತ ಹತ್ತಿರವಿರುವುದರಿಂದ ಮೂರೂ ತಾಣಗಳನ್ನು ಒಟ್ಟಿಗೆ ತುಂಬಲಾರವು. ಶಿಲೀಂಧ್ರದ ಮೇಲ್ಮೈಯಲ್ಲಿ ಒತ್ತೊತ್ತಾಗಿ ಹರಡಿದ ಮ್ಯಾನೋಸ್ ಸಾಲುಗಳು ತುಂಬಬಲ್ಲವು. ಸ್ವಕೀಯ ಮತ್ತು ಪರಕೀಯಗಳ ಭೇದ ಇಲ್ಲಿ ಅಣುವಿಗಿಂತ ಹೆಚ್ಚಾಗಿ ಜೋಡಣೆಯಲ್ಲಿದೆ.

3. ಡೆಕ್ಟಿನ್-1: ಸ್ಪರ್ಶವನ್ನು ಅರಿಯುವ ಗ್ರಾಹಕ

ಡೆಕ್ಟಿನ್-1ರದು ಬೇರೆಯೇ ಮಾರ್ಗ. ಅದು ಬೀಟಾ-1,3-ಗ್ಲೂಕಾನ್ ಅನ್ನು ಹಿಡಿಯುತ್ತದೆಂದು 2001ರಲ್ಲಿ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿದರು. ಈ ಗ್ಲೂಕಾನ್ ನಮ್ಮ ದೇಹದಲ್ಲಿ ತಯಾರಾಗುವುದೇ ಇಲ್ಲ. ಹಾಗಾಗಿ ಅದರ ಇರವೇ ಪರಕೀಯತೆಯ ಸೂಚನೆ. ಇದನ್ನು ಹಿಡಿಯಲು ಡೆಕ್ಟಿನ್-1ಕ್ಕೆ ಕ್ಯಾಲ್ಸಿಯಂ ಬೇಕಿಲ್ಲ.

ಆದರೂ ಗ್ಲೂಕಾನ್ ಅಂಟಿದ ಮಾತ್ರಕ್ಕೆ ಕೋಶ ಎಚ್ಚರಗೊಳ್ಳುವುದಿಲ್ಲ. ದ್ರವದಲ್ಲಿ ಕರಗಿದ ಗ್ಲೂಕಾನ್ ತುಣುಕುಗಳು ಗ್ರಾಹಕಕ್ಕೆ ಅಂಟಿದರೂ ಸಂಕೇತವನ್ನು ಹೊತ್ತಿಸುವುದಿಲ್ಲ. ಕಣರೂಪದ ಗ್ಲೂಕಾನ್ ಹೊತ್ತಿಸುತ್ತದೆ. ಇದರ ಕಾರಣವನ್ನು 2011ರ ಒಂದು ಮಹತ್ವದ ಅಧ್ಯಯನ ಬಯಲಿಗೆ ತಂದಿತು. ಸಂಕೇತಕ್ಕೆ ಬೇಕಾದ ಫಾಸ್ಫೇಟ್ ಗುರುತುಗಳನ್ನು ಸಿಡಿ45 ಮತ್ತು ಸಿಡಿ148 ಎಂಬ ಪ್ರೋಟೀನುಗಳು ಸಾಮಾನ್ಯವಾಗಿ ಅಳಿಸುತ್ತಿರುತ್ತವೆ. ಭಕ್ಷಕಕೋಶ ಕಣದ ಮೈಗೆ ಒತ್ತಿಕೊಂಡಾಗ ಇವೆರಡೂ ಸಂಪರ್ಕ ಸ್ಥಾನದಿಂದ ಹೊರದೂಡಲ್ಪಡುತ್ತವೆ. ಆಗ ಸಿಕ್ ಎಂಬ ಕಿಣ್ವ ಮತ್ತು ಕಾರ್ಡ್-9 ಪ್ರೋಟೀನುಗಳ ಮೂಲಕ ಸಂಕೇತ ಕೋಶಕೇಂದ್ರವನ್ನು ಮುಟ್ಟಿ, ಉರಿಯೂತದ ಜೀನುಗಳು ಚುರುಕಾಗುತ್ತವೆ. ದೂರದಲ್ಲೆಲ್ಲೋ ಸತ್ತ ಶಿಲೀಂಧ್ರದ ಚೂರಿಗೂ ಮೈಗೆ ತಗುಲಿದ ಶಿಲೀಂಧ್ರಕ್ಕೂ ಇರುವ ವ್ಯತ್ಯಾಸವನ್ನು ಕೋಶ ಅರಿಯುವುದು ಹೀಗೆ.

4. ಮರೆಮಾಚುವ ತಂತ್ರ

ಶಿಲೀಂಧ್ರಗಳೂ ಸುಮ್ಮನಿಲ್ಲ. ಕ್ಯಾಂಡಿಡಾದ ಗ್ಲೂಕಾನ್ ಒಳಪದರದಲ್ಲಿದ್ದು, ಮ್ಯಾನೋಸ್‌ನ ಹೊದಿಕೆ ಅದನ್ನು ಮುಚ್ಚಿರುತ್ತದೆ. ಮರಿಕೋಶ ಕಳಚಿಕೊಂಡ ಜಾಗದ ಕಲೆಗಳಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ. ಹಿಸ್ಟೊಪ್ಲಾಸ್ಮಾ ಕ್ಯಾಪ್ಸುಲೇಟಮ್ ಬೀಟಾ-ಗ್ಲೂಕಾನ್ ಮೇಲೆ ಆಲ್ಫಾ-1,3-ಗ್ಲೂಕಾನ್ ಹೊದೆಯುತ್ತದೆ. ಆಸ್ಪರ್‌ಜಿಲಸ್‌ನ ಬೀಜಕಗಳನ್ನು ನೀರೊಲ್ಲದ ಪ್ರೋಟೀನಿನ ಪದರ ಮರೆಮಾಡುತ್ತದೆ. ಕ್ಯಾಸ್ಪೊಫಂಜಿನ್ ಔಷಧ ಅಲ್ಪ ಪ್ರಮಾಣದಲ್ಲಿಯೂ ಕ್ಯಾಂಡಿಡಾದ ಗ್ಲೂಕಾನ್ ಅನ್ನು ಬಯಲಿಗೆಳೆಯುತ್ತದೆ. ಅಂದರೆ ಶಿಲೀಂಧ್ರವನ್ನು ಹಣಿಯುವ ಔಷಧ ಅದರ ಮುಸುಕನ್ನೂ ಕಳಚಬಲ್ಲದು.

5. ಮಾನವ ಸಾಕ್ಷ್ಯ

2009ರಲ್ಲಿ ಡೆಕ್ಟಿನ್-1 ಕೆಲಸಮಾಡದ ಕುಟುಂಬವೊಂದರ ವಿವರ ಪ್ರಕಟವಾಯಿತು. ಆ ಕುಟುಂಬದವರಲ್ಲಿ ಯೋನಿ ಮತ್ತು ಉಗುರಿನ ಶಿಲೀಂಧ್ರ ಸೋಂಕು ಮರುಕಳಿಸುತ್ತಿತ್ತು. ಸೋಂಕು ರಕ್ತಕ್ಕೆ ಹರಡಿರಲಿಲ್ಲ. ಅದೇ ವರ್ಷ ವರದಿಯಾದ ಕಾರ್ಡ್-9 ಕೊರತೆಯ ಕುಟುಂಬದಲ್ಲಿ ಸೋಂಕು ಸಾವಿನವರೆಗೂ ಹೋಗಿತ್ತು. ಹಲವು ಲೆಕ್ಟಿನ್ ಗ್ರಾಹಕಗಳ ಸಂಕೇತಗಳು ಕಾರ್ಡ್-9ರಲ್ಲಿ ಕೂಡುತ್ತವೆ. ಒಂದು ಗ್ರಾಹಕ ಸೋತರೆ, ಆಲ್ಫಾ-ಮ್ಯಾನಾನ್ ಗುರುತಿಸುವ ಡೆಕ್ಟಿನ್-2ರಂಥವು ಇನ್ನೂ ಉಳಿದಿರುತ್ತವೆ. ಕೂಡುದಾರಿಯೇ ಕುಸಿದರೆ ರಕ್ಷಣೆ ಬಹುಮಟ್ಟಿಗೆ ಕುಸಿಯುತ್ತದೆ.

6. ಉಪಸಂಹಾರ

ಸಂಸ್ಕರಿಸಿದ ಒಂದೇ ಸಕ್ಕರೆಯನ್ನು ಗ್ರಾಹಕದ ಮುಂದಿಟ್ಟು ಪಡೆದ ಫಲಿತಾಂಶ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಲಸಿಕೆಗೆ ಬಲ ಕೊಡಲು ಗ್ಲೂಕಾನ್ ಬಳಸಬಯಸುವವರು ಅದರ ರಾಸಾಯನಿಕ ಶುದ್ಧತೆಯಷ್ಟೇ ಕಣದ ಗಾತ್ರವನ್ನೂ ಮೇಲ್ಮೈಯ ಸಾಂದ್ರತೆಯನ್ನೂ ಅಳೆಯಬೇಕು. ಶಿಲೀಂಧ್ರನಾಶಕ ಔಷಧಗಳ ಪರೀಕ್ಷೆಯಲ್ಲೂ, ಜೀವಿ ಸತ್ತಿತೇ ಎಂಬ ಪ್ರಶ್ನೆಯ ಜೊತೆಗೆ ಅದರ ಗ್ಲೂಕಾನ್ ಬಯಲಾಯಿತೇ ಎಂಬ ಪ್ರಶ್ನೆಯೂ ಸೇರಬೇಕು. ರೋಗಿಯ ಸ್ವಂತ ಭಕ್ಷಕಕೋಶಗಳು ಔಷಧದೊಂದಿಗೆ ಕೈಜೋಡಿಸುತ್ತವೆಯೋ ಇಲ್ಲವೋ ಎಂಬುದು ಆ ಎರಡನೆಯ ಪ್ರಶ್ನೆಯನ್ನೂ ಅವಲಂಬಿಸಿದೆ.