ಚಿಕಿತ್ಸೆಯ ಮೂರನೆಯ ಪಾದ

ವೈದ್ಯ, ಔಷಧ, ಉಪಚಾರಕ, ರೋಗಿ: ಈ ನಾಲ್ವರೂ ಕೂಡಿದಾಗ ಚಿಕಿತ್ಸೆಯು ನಾಲ್ಕು ಕಾಲುಗಳ ಮೇಲೆ ನಿಲ್ಲುವುದೆಂದು ಚರಕಸಂಹಿತೆ ತಿಳಿಸುತ್ತದೆ. ಇದಕ್ಕೆ ಚಿಕಿತ್ಸೆಯ ಚತುಷ್ಪಾದವೆಂದು ಹೆಸರು. ಟೆಲಿವಿಷನ್ನಿನಲ್ಲಿ ಬರುವ ಆಸ್ಪತ್ರೆಯ ಕಥೆಗಳನ್ನು ನೋಡುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅವುಗಳಲ್ಲಿ ಮೊದಲೆರಡು ಪಾದಗಳು ಬಹು ಪುಷ್ಟವಾಗಿರುತ್ತವೆ. ಮೂರನೆಯದು ಕಾಣುವುದೇ ಅಪರೂಪ.

ಈ ಕಥೆಗಳಿಗೂ ಒಂದು ಇತಿಹಾಸವುಂಟು. ಅಮೆರಿಕದಲ್ಲಿ 1961ರಲ್ಲಿ ‘ಡಾಕ್ಟರ್ ಕಿಲ್ಡೇರ್’, ‘ಬೆನ್ ಕೇಸಿ’ ಎಂಬೆರಡು ಧಾರಾವಾಹಿಗಳು ಒಂದೇ ವರ್ಷ ಮೊದಲಾಗಿ ಮನೆಮಾತಾದುವು. 1994ರಿಂದ 2009ರವರೆಗೆ ‘ಇ.ಆರ್.’ ನಡೆಯಿತು, 2004ರಿಂದ 2012ರವರೆಗೆ ‘ಹೌಸ್’. ಹಿಂದಿಯಲ್ಲಿ 2002ರಲ್ಲಿ ‘ಸಂಜೀವನಿ’ ಬಂದಿತು. ಇವುಗಳಿಂದ ಉಪಕಾರವಾಗಿಲ್ಲವೆನ್ನಲಾರೆ. ಆಸ್ಪತ್ರೆಯ ಬಾಗಿಲೊಳಗೆ ಏನು ನಡೆಯುವುದೆಂಬುದನ್ನು ಸಾಮಾನ್ಯನೂ ಕಂಡನು. ವೈದ್ಯನೂ ದಣಿಯುತ್ತಾನೆ, ತಪ್ಪುತ್ತಾನೆ ಎಂಬುದನ್ನು ತಿಳಿದನು. ಆದರೆ ಇಲ್ಲಿ ರೋಗಿಯು ಒಂದು ಸಂಚಿಕೆಯಲ್ಲಿ ಬರುತ್ತಾನೆ, ಗುಣಹೊಂದುತ್ತಾನೆ, ಬಾಗಿಲು ದಾಟಿ ಹೋಗುತ್ತಾನೆ. ಅವನ ಹಿಂದೆ ಅವನ ಮನೆಯವರೆಗೆ ಕ್ಯಾಮೆರಾ ಹೋಗುವುದು ತೀರ ವಿರಳ.

ಹಾಗೆ ಮನೆಯವರೆಗೆ ಹೋದ ಕನ್ನಡ ಚಿತ್ರವೊಂದಿದೆ. ಅದೇ ಪುಟ್ಟಣ್ಣ ಕಣಗಾಲರ ‘ಶರಪಂಜರ’. 1970ರ ದಶಕದ ಆರಂಭದಲ್ಲಿ ತೆರೆಕಂಡ ಈ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಇದಕ್ಕೆ ಮೂಲ ತ್ರಿವೇಣಿಯವರ ಕಾದಂಬರಿ. ಮನಃಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಈ ಲೇಖಕಿ ಚಿತ್ರವನ್ನು ನೋಡಲು ಉಳಿಯಲಿಲ್ಲ. 1963ರಲ್ಲಿ, ಮೂವತ್ತೈದೂ ತುಂಬದ ವಯಸ್ಸಿನಲ್ಲಿ, ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಕಥೆಯ ನಾಯಕಿ ಕಾವೇರಿ, ನಟಿ ಕಲ್ಪನಾ ಅವರು ವಹಿಸಿದ ಪಾತ್ರ. ಹೆರಿಗೆಯಾದ ಮೇಲೆ ಆಕೆಯ ಬುದ್ಧಿ ಕದಡುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ಗುಣವಾಗಿ ಮರಳುತ್ತಾಳೆ. ಧಾರಾವಾಹಿಯಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಪುಟ್ಟಣ್ಣನವರ ಕಥೆಯ ತಿರುಳು ಇಲ್ಲಿಂದಲೇ ಆರಂಭ. ಆಕೆ ನಕ್ಕರೂ ಸಂಶಯ, ಅತ್ತರೂ ಸಂಶಯ. ನೆರೆಯವರು ದೂರ ಸರಿಯುತ್ತಾರೆ. ಗಂಡನ ಮನಸ್ಸು ಬೇರೊಬ್ಬಳ ಕಡೆ ತಿರುಗಿರುತ್ತದೆ. ಕೊನೆಗೆ ಆಕೆ ಮತ್ತೆ ಆಸ್ಪತ್ರೆಯನ್ನೇ ಸೇರಬೇಕಾಗುತ್ತದೆ. ವೈದ್ಯನು ಸೋಲಲಿಲ್ಲ, ಔಷಧವೂ ಸೋಲಲಿಲ್ಲ. ಮೂರನೆಯ ಪಾದವು ಮುರಿಯಿತು.

ಚಿತ್ರವನ್ನು ನಾನು ಮೊದಲು ನೋಡಿದುದು ಬಾಲ್ಯದಲ್ಲಿ, ಶಿಡ್ಲಘಟ್ಟದ ಒಂದು ಟೆಂಟಿನಲ್ಲಿ. ಆಗ ನಮ್ಮ ಬೀದಿಯಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಂಗಸೊಬ್ಬಳಿದ್ದಳು. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗರು ಆಕೆಯ ಹಿಂದೆ ಕೂಗುತ್ತ ಓಡುತ್ತಿದ್ದರು, ನಾನೂ ಓಡಿದ್ದೇನೆ. ಆಕೆ ಒಮ್ಮೆಯೂ ತಿರುಗಿ ಬೈಯಲಿಲ್ಲ. ಬೈದರೆ ಹುಚ್ಚು ಮರುಕಳಿಸಿತೆಂದು ಜನ ಹೇಳುವರೆಂಬ ಅಂಜಿಕೆಯಿಂದ ಬಾಯಿ ಬಿಗಿಹಿಡಿದಿದ್ದಳೆಂದು ಈಗ ತೋರುತ್ತದೆ. ಟೆಂಟಿನಿಂದ ಹೊರಬಂದ ಮರುದಿನ ಆಕೆಯ ಮುಖವನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಚಿಂತಾಮಣಿ, ಚಿಕ್ಕಬಳ್ಳಾಪುರಗಳಲ್ಲಿಯೂ ಇಂಥ ಬೀದಿಗಳು ಇದ್ದೇ ಇದ್ದುವು.

ಚಿತ್ರದಲ್ಲಿ ನನಗೊಪ್ಪದ ಅಂಶವೂ ಒಂದುಂಟು. ಕಾವೇರಿಯ ರೋಗಕ್ಕೆ ಹಳೆಯ ನೆನಪಿನ ಅಪರಾಧಭಾವವೇ ಮುಖ್ಯ ಕಾರಣವೆಂಬಂತೆ ಅಲ್ಲಿ ತೋರಿಸಿದೆ. ನಮ್ಮ ಹಿರಿಯರು ಬಾಣಂತಿ ಸನ್ನಿಯೆಂದು ಕರೆದ ಈ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ. ಹೆರಿಗೆಯ ಬಳಿಕ ದೇಹದಲ್ಲಾಗುವ ಹಾರ್ಮೋನುಗಳ ಏರುಪೇರು, ನಿದ್ರಾಭಂಗ, ವಂಶದ ಗುಣ ಇವೂ ಕಾರಣವೆಂದು ಈಗ ತಿಳಿದಿದೆ. ಬೇಗ ಚಿಕಿತ್ಸೆ ದೊರೆತರೆ ಬಹುಮಂದಿ ಗುಣಹೊಂದುತ್ತಾರೆ. ತಾಯಿಯನ್ನೂ ಕೂಸನ್ನೂ ಅಗಲಿಸದೆ ಉಪಚರಿಸುವ ವಿಭಾಗವೊಂದು ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2009ರಲ್ಲಿ ಆರಂಭವಾಯಿತು.

ಮೂರನೆಯ ಪಾದವನ್ನು ಕಟ್ಟುವ ಪ್ರಯತ್ನಗಳು ನಮ್ಮ ದೇಶದಲ್ಲಿ ಚಿತ್ರಕ್ಕಿಂತ ಮೊದಲೇ ಆಗಿದ್ದುವು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾಸಾಗರರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಜತೆಗೆ ಮನೆಯವರನ್ನೂ ಇರಿಸಿಕೊಂಡರು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅದರ ವೈದ್ಯರು ಗೌರಿಬಿದನೂರು, ಮಧುಗಿರಿ, ಕನಕಪುರ ಮೊದಲಾದ ಊರುಗಳಿಗೆ ತಾವೇ ಹೋಗಿ ಚಿಕಿತ್ಸಾಲಯಗಳನ್ನು ನಡೆಸಿದರು. ಪಿನಾಕಿನಿಯ ದಡದ ಗೌರಿಬಿದನೂರಿನಲ್ಲಿ ಇದರಿಂದಾದ ಲಾಭವನ್ನು ಯೋಚಿಸಿರಿ. ಹಳ್ಳಿಯ ರೋಗಿಯು ಊರು ಬಿಟ್ಟು ಮರೆಯಾಗಬೇಕಿಲ್ಲ. ತನ್ನ ತಾಯಿಯೊಡನೆ ಬಂದು, ಮಾತನಾಡಿ, ಮಾತ್ರೆ ಪಡೆದು, ಸಂಜೆಗೆ ಮನೆ ಸೇರಬಹುದು. ಊರಿನವರ ಕಣ್ಣೆದುರಿಗೇ ಗುಣವಾದವನನ್ನು ಊರಿನವರು ನಂಬುವುದು ಸುಲಭ.

ಕಾನೂನೂ ನಿಧಾನವಾಗಿ ಇತ್ತ ತಿರುಗಿತು. ‘ಶರಪಂಜರ’ ತೆರೆಗೆ ಬಂದಾಗ ಜಾರಿಯಲ್ಲಿದ್ದುದು 1912ರ ಲೂನಸಿ ಕಾಯಿದೆ. 1987ರಲ್ಲಿ ಬೇರೊಂದು ಕಾಯಿದೆ ಬಂದು, ಅದರ ಸ್ಥಾನದಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ನಿಂತಿತು. ಮನೆಯವರು ಸ್ವೀಕರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದೆಂದು ಈ ಕಾಯಿದೆ ವಿಧಿಸುತ್ತದೆ. ಕಾವೇರಿಯ ಕಥೆಯ ಮುಕ್ತಾಯಕ್ಕೆ ಇದು ಬಹಳ ತಡವಾಗಿ ಬಂದ ಉತ್ತರ. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯುವ ಏರ್ಪಾಡೂ ಆಗಿದೆ.

ಆದರೆ ಕಾಯಿದೆಯು ಬೀದಿಯ ಹುಡುಗರ ಬಾಯನ್ನು ಕಟ್ಟಲಾರದು. ಗುಣವಾಗಿ ಬಂದ ಸೊಸೆಯ ಕೈಗೆ ಕೂಸನ್ನು ಕೊಡಿಸಲಾರದು. ಆ ಕೆಲಸ ನಮ್ಮದು. ವಾಚಕರು ಆಸ್ಪತ್ರೆಯ ಧಾರಾವಾಹಿಗಳನ್ನು ಸಂತೋಷವಾಗಿ ನೋಡಲಿ. ಕಥೆ ಮುಗಿದು ರೋಗಿಯು ಬಾಗಿಲು ದಾಟುವಾಗ ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿ: ಈತ ನಮ್ಮ ಬೀದಿಗೆ ಬಂದರೆ ನಾವು ಹೇಗೆ ನಡೆದುಕೊಳ್ಳುತ್ತೇವೆ? ಮೂರನೆಯ ಪಾದದ ಬಲ ಆ ಉತ್ತರದಲ್ಲಿದೆ.