ರಕ್ಷಣೆಯ ವಿಚಾರದಲ್ಲಿ ಪೂರ್ವಾಪರದೃಷ್ಟಿ: ಬೆಂಗಳೂರು ದಂಡುಪ್ರದೇಶದ ಒಂದು ಚರ್ಚೆ

ಒಂದು ವಾಕ್ಯವನ್ನು ಅದರ ಪ್ರಕರಣದಿಂದ ಬೇರ್ಪಡಿಸಿ ಅರ್ಥಮಾಡಿದರೆ ಅನರ್ಥವುಂಟಾಗುವುದೆಂಬುದು ನಮ್ಮ ಶಾಸ್ತ್ರಕಾರರಿಗೆ ಹೊಸ ಮಾತಲ್ಲ. ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳಿಂದ ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಬೇಕೆಂದು ಅವರು ವಿಧಿಸಿದರು. ಕ್ರೈಸ್ತ ವೇದದ ವ್ಯಾಖ್ಯಾನದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಪ್ರಶ್ನೆಯು ಬೆಂಗಳೂರಿನ ದಂಡುಪ್ರದೇಶದಲ್ಲಿ ವಿಶೇಷವಾಗಿ ಚರ್ಚಿತವಾಯಿತು. ಅದರ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

1809ರಲ್ಲಿ ಸ್ಥಾಪಿತವಾದ ದಂಡು 1947ರಲ್ಲಿ ಮೈಸೂರು ಸಂಸ್ಥಾನದ ಆಡಳಿತಕ್ಕೆ ಮರಳಿತು. ಇಲ್ಲಿ ದೇವಾಲಯ, ಮಸೀದಿ, ಇಗರ್ಜಿಗಳು ಒಂದೇ ಬೀದಿಯ ನೆರೆಯಲ್ಲಿ ಬೆಳೆದವು. ಶಿವಾಜಿನಗರದ ಸಂತ ಮರಿಯಮ್ಮನವರ ಇಗರ್ಜಿಯಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಉತ್ಸವಕ್ಕೆ ಅನ್ಯಮತೀಯರೂ ಹರಕೆ ಹೊತ್ತು ಬರುತ್ತಾರೆ. ಇಂತಹ ಸ್ಥಳದಲ್ಲಿ ‘ರಕ್ಷಣೆ ಯಾರಿಗೆ?’ ಎಂಬುದು ಕೇವಲ ಪಾಠಶಾಲೆಯ ಪ್ರಶ್ನೆಯಾಗಿ ಉಳಿಯಲಾರದು. ನೆರೆಯವನ ಮುಖವನ್ನು ನೋಡಿಯೇ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಈ ಚರ್ಚೆಯಲ್ಲಿ ಪದೇಪದೇ ಉದಾಹೃತವಾಗುವ ವಾಕ್ಯವು ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದ ಹನ್ನೆರಡನೆಯದು. ಯೇಸುವಿನ ಹೆಸರಿನ ಹೊರತು ಬೇರಾವ ಹೆಸರಿನಿಂದಲೂ ರಕ್ಷಣೆಯಿಲ್ಲವೆಂಬುದು ಅದರ ಅಭಿಪ್ರಾಯ. ಇದನ್ನು ಬಿಡಿಯಾಗಿ ಓದಿದವನಿಗೆ ಇದು ಪ್ರಪಂಚದ ಸಮಸ್ತ ಮತಗಳ ಮೇಲೆ ಕೊಟ್ಟ ತೀರ್ಪಿನಂತೆ ಕಾಣುವುದು. ಆದರೆ ಪ್ರಕರಣವು ಆರಂಭವಾಗುವುದು ಮೂರನೆಯ ಅಧ್ಯಾಯದಲ್ಲಿ. ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಹುಟ್ಟುಕುಂಟನೊಬ್ಬನು ಎದ್ದು ನಡೆದನು. ಮರುದಿನ ಅಧಿಕಾರಿಗಳು ಪೇತ್ರ ಯೋಹಾನರನ್ನು ಸಭೆಯ ಮುಂದೆ ನಿಲ್ಲಿಸಿ, ಯಾವ ಶಕ್ತಿಯಿಂದ, ಯಾವ ಹೆಸರಿನಿಂದ ಇದನ್ನು ಮಾಡಿದಿರೆಂದು ಪ್ರಶ್ನಿಸಿದರು. ಆ ಸಭೆಯಲ್ಲಿ ‘ಹೆಸರು’ ಎಂಬ ಮಾತನ್ನು ಮೊದಲು ಎತ್ತಿದವರು ವಿಚಾರಣೆ ನಡೆಸಿದವರೇ. ಪೇತ್ರನು ಕೊಟ್ಟದ್ದು ಅದಕ್ಕೆ ಉತ್ತರ. ಅಧಿಕಾರದ ಪೀಠದಲ್ಲಿ ಕುಳಿತವನ ಘೋಷಣೆ ಅದಲ್ಲ, ಸೆರೆಯಲ್ಲಿದ್ದವನ ಸಾಕ್ಷ್ಯ.

ಇನ್ನೊಂದು ಅಂಶವೂ ಗಮನಾರ್ಹವಾಗಿದೆ. ಒಂಬತ್ತನೆಯ ವಾಕ್ಯದಲ್ಲಿ ಕುಂಟನು ಗುಣಹೊಂದಿದನೆಂದು ಹೇಳುವ ಗ್ರೀಕ್ ಕ್ರಿಯಾಪದವೂ ಹನ್ನೆರಡನೆಯ ವಾಕ್ಯದಲ್ಲಿ ರಕ್ಷಣೆಯನ್ನು ಹೇಳುವ ಪದಗಳೂ ಒಂದೇ ಧಾತುವಿಗೆ ಸೇರಿದವು. ‘ಸೋಜೋ’ ಎಂಬ ಆ ಧಾತುವಿಗೆ ಕಾಪಾಡು, ಗುಣಪಡಿಸು, ಉದ್ಧರಿಸು ಎಂಬ ಅರ್ಥಗಳೆಲ್ಲ ಉಂಟು. ಕನ್ನಡದಲ್ಲಿ ಒಂದೆಡೆ ‘ಸ್ವಸ್ಥತೆ’, ಇನ್ನೊಂದೆಡೆ ‘ರಕ್ಷಣೆ’ ಎನ್ನುವುದು ಸಹಜವಾದರೂ ಎರಡರ ನಡುವಣ ನಂಟು ಮರೆಯಾಗುತ್ತದೆ. ‘ಮುಕ್ತಿ’ ಎಂದರೋ, ಜನ್ಮಪರಂಪರೆಯಿಂದ ಬಿಡುಗಡೆಯೆಂಬ ಬೇರೊಂದು ಭಾವವೇ ಓದುಗನ ಮನಸ್ಸಿಗೆ ಬರುವುದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೈಬಲನ್ನು ಕನ್ನಡಕ್ಕೆ ತಂದಂದಿನಿಂದ ಭಾಷಾಂತರಕಾರರಿಗೆ ಈ ತೊಡಕು ತಪ್ಪಿದ್ದಲ್ಲ.

ದಂಡುಪ್ರದೇಶದ ವಿದ್ಯಾಕೇಂದ್ರಗಳಲ್ಲಿ ಮುಖ್ಯವಾದುದು 1910ರಲ್ಲಿ ಆರಂಭವಾದ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು. ಅಲ್ಲಿ ಅಧ್ಯಾಪಕರಾಗಿದ್ದ ಪಿ. ಡಿ. ದೇವನಂದನ್ ಅವರ ನೇತೃತ್ವದಲ್ಲಿ, ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು 1957ರಲ್ಲಿ ಬೆಂಗಳೂರಿನಲ್ಲಿ ಏರ್ಪಟ್ಟಿತು. 1962ರಲ್ಲಿ ಅವರು ತೀರಿಕೊಂಡ ಬಳಿಕ ಎಂ. ಎಂ. ಥಾಮಸ್ ಅದರ ನಿರ್ದೇಶಕರಾದರು. ರಕ್ಷಣೆಗೂ ಮಾನವೀಕರಣಕ್ಕೂ ಇರುವ ಸಂಬಂಧವನ್ನು ಕುರಿತ ಥಾಮಸರ ಗ್ರಂಥವು 1971ರಲ್ಲಿ ಪ್ರಕಟವಾಯಿತು. ಮನುಷ್ಯನ ಘನತೆಗಾಗಿ ನಡೆಯುವ ಹೋರಾಟದ ಅಂತರಂಗದಲ್ಲಿಯೇ ರಕ್ಷಣೆಯ ಅರ್ಥವನ್ನು ಅರಸಬೇಕೆಂದು ಅವರು ವಾದಿಸಿದರು. ಬಿಷಪ್ ಲೆಸ್ಲಿ ನ್ಯೂಬಿಗಿನ್ ಇದನ್ನು ಪ್ರಶ್ನಿಸಿದರು: ಕ್ರಿಸ್ತನನ್ನು ಒಪ್ಪಿದವರು ಕಣ್ಣಿಗೆ ಕಾಣುವ ಒಂದು ಸಮುದಾಯವಾಗಿ ಸೇರಬೇಕಲ್ಲದೆ ಆ ಒಪ್ಪಿಗೆಗೆ ಪೂರ್ಣತೆಯೆಲ್ಲಿ? ಈ ವಾದ-ಪ್ರತಿವಾದಗಳು ಆ ಸಂಸ್ಥೆಯ ಪತ್ರಿಕೆಯಲ್ಲಿಯೇ ಅಚ್ಚಾದುದು ಸಂಸ್ಥೆಯ ಉದಾರದೃಷ್ಟಿಗೆ ಸಾಕ್ಷಿ. ‘ಇಂದಿನ ರಕ್ಷಣೆ’ ಎಂಬುದನ್ನೇ ವಿಷಯವಾಗಿಟ್ಟುಕೊಂಡು 1972ರ ಕೊನೆಯಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ಜಾಗತಿಕ ಸಮ್ಮೇಳನದಲ್ಲಿಯೂ ಥಾಮಸರು ಮಾತನಾಡಿದರು.

ಕ್ಯಾಥೊಲಿಕರಲ್ಲಿಯೂ ಇಂತಹ ಚಿಂತನೆ ನಡೆದಿತ್ತು. ಶಾಸ್ತ್ರವಾಕ್ಯವನ್ನು ಅದರ ಸಾಹಿತ್ಯಪ್ರಕಾರ ಮತ್ತು ಸಮಗ್ರ ವೇದದ ಏಕತೆಗಳನ್ನು ಅನುಸರಿಸಿ ಓದಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. 1967ರಲ್ಲಿ ಡಿ. ಎಸ್. ಅಮಲೋರ್‌ಪವದಾಸ್ ಅವರ ನಿರ್ದೇಶನದಲ್ಲಿ ಹಚಿನ್ಸ್ ರಸ್ತೆಯ ರಾಷ್ಟ್ರೀಯ ಬೈಬಲ್ ಕೇಂದ್ರವು ಪ್ರಾರಂಭವಾಯಿತು. ಬೈಬಲೇತರ ಶಾಸ್ತ್ರಗ್ರಂಥಗಳ ಸ್ಥಾನವನ್ನು ಕುರಿತ ಸಂಶೋಧನಗೋಷ್ಠಿಯನ್ನು 1974ರಲ್ಲಿ ಆ ಕೇಂದ್ರವು ನಡೆಸಿತು.

ಹಾಗಾದರೆ ಪೂರ್ವಾಪರದೃಷ್ಟಿಯು ಪೇತ್ರನ ಮಾತಿನ ತೀಕ್ಷ್ಣತೆಯನ್ನು ಅಳಿಸಿಬಿಡುವುದೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಅದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ, ಅನ್ಯಜನಾಂಗದ ಕೊರ್ನೇಲಿಯನ ಮನೆಯಲ್ಲಿ, ದೇವರು ಪಕ್ಷಪಾತಿಯಲ್ಲವೆಂಬುದನ್ನು ತಾನು ಕಂಡುಕೊಂಡೆನೆಂದು ಪೇತ್ರನು ಒಪ್ಪುತ್ತಾನೆ. ಉದಾರವ್ಯಾಖ್ಯಾನಕಾರರು ಇದನ್ನು ಎತ್ತಿತೋರಿಸುವುದು ನ್ಯಾಯವೇ ಸರಿ. ಆದರೆ ಅವನು ಅಷ್ಟಕ್ಕೇ ನಿಲ್ಲದೆ ಆ ಮನೆಯವರಿಗೆ ಯೇಸುವನ್ನು ಬೋಧಿಸಿ ದೀಕ್ಷಾಸ್ನಾನಕ್ಕೆ ಅಪ್ಪಣೆ ಕೊಟ್ಟನೆಂಬುದನ್ನೂ ಅವರು ಮರೆಯಬಾರದು. ನಾಲ್ಕನೆಯ ಅಧ್ಯಾಯವನ್ನು ಬಿಡಿಯಾಗಿ ಓದುವುದು ಹೇಗೆ ದೋಷವೋ, ಹತ್ತನೆಯದನ್ನು ಅರ್ಧಕ್ಕೆ ನಿಲ್ಲಿಸುವುದೂ ಹಾಗೆಯೇ ದೋಷ.

ಆದುದರಿಂದ ಪೂರ್ವಾಪರವೆಂಬುದು ಯಾವ ಪಕ್ಷಕ್ಕೂ ಆಯುಧವಲ್ಲ. ಇಬ್ಬರಿಗೂ ಅದು ಅಂಕುಶ. ವಾಕ್ಯದ ಪ್ರಕರಣ, ಗ್ರಂಥದ ಸಮಗ್ರತೆ, ಓದುಗನ ದೇಶಕಾಲ ಎಂಬ ಮೂರನ್ನೂ ಇದೇ ಕ್ರಮದಲ್ಲಿ ವಿಚಾರಿಸಬೇಕು. ಮೂರನೆಯದು ಮೊದಲನೆಯದನ್ನು ನುಂಗಬಾರದು. ಮೊದಲನೆಯದರಲ್ಲೇ ನಿಂತು ಮೂರನೆಯದನ್ನು ಕಾಣದಿರುವುದೂ ಸಲ್ಲದು. ಪೇತ್ರನು ಆ ಮಾತನ್ನಾಡಿದಾಗ ಗುಣಹೊಂದಿದ ಮನುಷ್ಯನು ಅವನ ಪಕ್ಕದಲ್ಲಿಯೇ ನಿಂತಿದ್ದನೆಂದು ಗ್ರಂಥವು ಹೇಳುತ್ತದೆ. ರಕ್ಷಣೆಯನ್ನು ಕುರಿತು ವಾದಿಸುವವರು ಆ ಮನುಷ್ಯನನ್ನು ಕಣ್ಣಮುಂದೆ ಇರಿಸಿಕೊಂಡರೆ ವಾಕ್ಯದ ಬಲವೂ ಕುಂದದು, ನೆರೆಯವನ ಮಾನವೂ ಉಳಿಯುವುದು.