ಗೆರೆ ಎಳೆದವರು, ಕಾಗದ ಕೇಳುವವರು

ನಮ್ಮ ಬಾದನಹಟ್ಟಿಯ ಮುದುಕರು ಊರು ಬಿಡದೆಯೇ ರಾಜ್ಯ ಬದಲಿಸಿದವರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮದ್ರಾಸು ಬಿಟ್ಟು ಮೈಸೂರು ಸೇರಿತು. ಆಲೂರು, ಆದವಾನಿ, ರಾಯದುರ್ಗ ಆಂಧ್ರಕ್ಕೆ ಹೋದವು. ಹೊಲಗೇರಿಯ ಕೂಲಿಯವನಿಗೆ ಮಾತ್ರ ಮರುದಿನವೂ ಅದೇ ಗೌಡರ ಹೊಲ, ಊರಿಗೂ ಕೇರಿಗೂ ನಡುವೆ ಅದೇ ಹಳೇ ಗಡಿ. ಆದರೂ ಅವತ್ತು ಯಾರೂ "ನೀ ಯಾವ ದೇಶದವ, ಕಾಗದ ತೋರ್ಸು" ಅನ್ನಲಿಲ್ಲ.

ತುಂಗಭದ್ರೆ ದಾಟಿದರೆ ಸಿಂಧನೂರು ಸೀಮೆ. ಅಲ್ಲಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರಿದ್ದಾರೆ. ಬಹಳ ಮಂದಿ ನಾಮಶೂದ್ರರು, ನಮ್ಮ ಹಾಗೆಯೇ ಮುಟ್ಟಬಾರದವರು ಅನ್ನಿಸಿಕೊಂಡವರು. 1946ರಲ್ಲಿ ಬಾಬಾಸಾಹೇಬರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಕಳಿಸಲು ದುಡಿದ ಜೋಗೇಂದ್ರನಾಥ ಮಂಡಲ್ ಈ ಜನರವರೇ. ಮರುವರ್ಷ ದೇಶ ಒಡೆಯಿತು, ಇವರ ನೆಲ ಆಚೆ ಉಳಿಯಿತು.

ಕಾನೂನು ನಡೆದ ದಾರಿ ನೋಡಿ. 1955ರ ಪೌರತ್ವ ಕಾಯ್ದೆಗೆ ಈ ನೆಲದಲ್ಲಿ ಹುಟ್ಟಿದ್ದೇ ಸಾಕಿತ್ತು. 1986ರ ತಿದ್ದುಪಡಿ, ಹೆತ್ತವರಲ್ಲಿ ಒಬ್ಬರಾದರೂ ಪೌರರಾಗಿರಬೇಕು ಅಂದಿತು. 2003ರದ್ದು, ಇನ್ನೊಬ್ಬರು 'ಅಕ್ರಮ ವಲಸಿಗ' ಆಗಿರಬಾರದು ಅಂದಿತು. 2019ರಲ್ಲಿ ಮತಧರ್ಮವೂ ಒಳಗೆ ಬಂತು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಕೊನೆಯೊಳಗೆ ಬಂದ ಆರು ಧರ್ಮದವರಿಗೆ ದಾರಿ ತೆರೆಯಿತು, ಮುಸ್ಲಿಮರಿಗಿಲ್ಲ. ಆಯ್ಕೆ ಸಮಿತಿಗೆ ಕಳಿಸಿ ಎಂಬ ಬೇಡಿಕೆ ರಾಜ್ಯಸಭೆಯಲ್ಲಿ 99ಕ್ಕೆ 124 ಮತಗಳಿಂದ ಬಿದ್ದಿತು. 2024ರಲ್ಲಿ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪೌರತ್ವ ಸಿಕ್ಕಿತು. ನಮಗೆ ಸಂತೋಷವೇ. ಆದರೆ ಹಸಿದು ಓಡಿಬಂದವನ ದೇವರು ಯಾರೆಂದು ಕೇಳಿ ಅನ್ನ ಬಡಿಸುವುದು ಬಾಬಾಸಾಹೇಬರ ಸಂವಿಧಾನವಲ್ಲ.

2025ರ ಮಾರ್ಚಿನಲ್ಲಿ ವಲಸೆ ಮತ್ತು ವಿದೇಶಿಯರ ಮಸೂದೆ ಲೋಕಸಭೆಗೆ ಬಂತು. ದೇಶ ಧರ್ಮಶಾಲೆಯಲ್ಲ ಅಂದರು ಗೃಹಮಂತ್ರಿ. ಜಂಟಿ ಸಮಿತಿ ನೋಡಲಿ ಅಂದಿತು ವಿರೋಧ ಪಕ್ಷ. ಆ ಮಾತು ನಡೆಯಲಿಲ್ಲ. ಸೆಪ್ಟೆಂಬರ್ 1ರಿಂದ ಕಾಯ್ದೆ ಜಾರಿಗೆ ಬಂತು. ಹಳೆಯ ನಾಲ್ಕು ಕಾಯ್ದೆ ಹೋದವು. ಆದರೆ ಬ್ರಿಟಿಷರು 1946ರಲ್ಲಿ ಬರೆದ ಒಂದು ಮಾತು ಹೋಗಲಿಲ್ಲ: 'ನಾನು ವಿದೇಶಿಯಲ್ಲ' ಎಂದು ರುಜುವಾತು ಮಾಡಬೇಕಾದವನು ಆರೋಪ ಹೊತ್ತವನೇ.

ಗಡಿ ಕಾಯಬೇಡಿ ಅಂತ ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ರುಜುವಾತಿನ ಹೊರೆ ಯಾರ ತಲೆ ಮೇಲೆ? ನಮ್ಮ ಅವ್ವಂದಿರು ತಮ್ಮ ವಯಸ್ಸನ್ನು "ಡ್ಯಾಮು ಕಟ್ಟೋವಾಗ ಹುಟ್ಟಿದ್ದೆ" ಅಂತ ಲೆಕ್ಕ ಹಾಕೋರು. ಭೂಮಿಯಿಲ್ಲದವನ ಬಳಿ ಪಹಣಿ ಎಲ್ಲಿಂದ ಬರಬೇಕು? ಶಾಲೆ ಮೆಟ್ಟಿಲು ಹತ್ತದವಳ ಬಳಿ ದಾಖಲಾತಿ ಎಲ್ಲಿಂದ ಬರಬೇಕು? ಇವತ್ತು ಪರದೇಶಿಯನ್ನು ಕೇಳೋ ಕಾಗದವನ್ನೇ ನಾಳೆ ಸುಗ್ಗಿಗೆ ಗುಳೆ ಹೋದ ನಮ್ಮವನನ್ನೂ ಕೇಳಬಹುದು.

ಮೇಷ್ಟ್ರೇ, ಗೆಳೆಯರೇ, ಈ ಕಾಯ್ದೆಯನ್ನು ಕೇರಿಯ ಕಟ್ಟೆ ಮೇಲೆ ಕೂತು ಓದಿ ಹೇಳಿ. ಯಾರ ಹೆಸರು ಯಾವ ದಾಖಲೆಯಲ್ಲೂ ಇಲ್ಲವೋ, ಮೊದಲು ಅದನ್ನು ಬರೆಸಿ.